ಎಡಗಾಲಿಗೆ ಕೆಲಸವಿಲ್ಲದ ಕಾರು

ಶಿರಸಿಯಲ್ಲಿ ಗಂಡಸಿನ ಮರ್ಯಾದೆ ಇರುವುದು ಅವನ ಎಡಗಾಲಿನಲ್ಲಿ. ಮೀಸೆ, ಪದವಿ, ಪಾಸ್‌ಬುಕ್ ಎಲ್ಲ ಆಮೇಲಿನ ಮಾತು. ನಂಬಿಕೆ ಬಾರದಿದ್ದರೆ ನಮ್ಮೂರಿನ ಯಾವುದಾದರೊಂದು ಏರಿನಲ್ಲಿ, ಮುಂದೆ ಬಸ್ಸು, ಹಿಂದೆ ಲಾರಿ ಇರುವಾಗ ಗಾಡಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಕ್ಲಚ್ಚನ್ನು ಅರ್ಧ ಬಿಟ್ಟು ಅರ್ಧ ಹಿಡಿದು, ಗಾಡಿ ಒಂದಂಗುಲವೂ ಹಿಂದೆ ಜಾರದಂತೆ ಏರಿಸಿದವನೇ ಗಂಡಸು. ಜಾರಿಸಿದವನಿಗೆ ಅವನ ವಂಶದ ಬಗ್ಗೆ ಅವನಿಗೇ ಗೊತ್ತಿಲ್ಲದ ಸಂಗತಿಗಳನ್ನು ಹಿಂದಿನ ಲಾರಿಯವನು ತಿಳಿಸಿಕೊಡುತ್ತಾನೆ. ನಾನು, ಅಂದರೆ ಕಾಲೇಜು ಕಚೇರಿಯ ಸೂಪರಿಂಟೆಂಡೆಂಟ್ ವಿಘ್ನೇಶ್ವರ ಹೆಗಡೆ, ಇಪ್ಪತ್ತೆರಡು ವರ್ಷ ಹಳೇ ಜೀಪು ಓಡಿಸಿ ಒಮ್ಮೆಯೂ ಜಾರಿಸಿದವನಲ್ಲ. (ಒಮ್ಮೆ ಜಾರಿದ್ದುಂಟು. ಹಿಂದೆ ಯಾರೂ ಇರಲಿಲ್ಲವಾದ್ದರಿಂದ ಅದು ಗಣನೆಗೆ ಬರುವುದಿಲ್ಲ.)

ಇಂಥ ಕೀರ್ತಿಶಾಲಿ ಎಡಗಾಲಿನ ಮೊಣಗಂಟು 2009ರ ಜನವರಿಯಲ್ಲಿ ಕೈಕೊಟ್ಟಿತು. ಊರಿಗೆಲ್ಲ, "ಕಾಲೇಜು ಹುಡುಗರ ಸಂಗಡ ವಾಲಿಬಾಲ್ ಆಡುವಾಗ" ಎಂದು ಹೇಳಿಕೊಂಡು ತಿರುಗಿದೆ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಅಟ್ಟದಿಂದ ಹಲಸಿನ ಹಪ್ಪಳದ ಡಬ್ಬಿ ಇಳಿಸುವಾಗ ಏಣಿಯ ಕೊನೆಯ ಮೆಟ್ಟಿಲು ಮರೆತುಹೋಗಿತ್ತು. ಡಬ್ಬಿಗೆ ಏನೂ ಆಗಲಿಲ್ಲ. ಹಪ್ಪಳವೂ ಒಡೆಯಲಿಲ್ಲ.

ಡಾಕ್ಟರು ಕಾಲನ್ನು ಮಡಿಚಿ, ಬಿಡಿಸಿ, ನಾನು ಕೂಗಿದ ಕಡೆಯೆಲ್ಲ ಇನ್ನೊಮ್ಮೆ ಒತ್ತಿ ನೋಡಿ, "ಆರು ತಿಂಗಳು ಕ್ಲಚ್ ತುಳಿಯೋ ಹಾಗಿಲ್ಲ" ಎಂದರು. ಊಟ ಬಿಡಬೇಕೆಂದಿದ್ದರೆ ಯೋಚಿಸುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ವಿನೋದಾ, "ಅಡ್ಡಿಲ್ಲೆ ಡಾಕ್ಟ್ರೇ, ಆನು ಗಾಡಿ ಕಲೀತೆ" ಎಂದಳು. (ನಮ್ಮ ಹವ್ಯಕ ಮಾತಿನಲ್ಲಿ ಆನು ಎಂದರೆ ನಾನು, ಎಂಗೆ ಎಂದರೆ ನನಗೆ, ಎಂಗೊ ಎಂದರೆ ನಾವು, ನಿಂಗೊ ಎಂದರೆ ನೀವು.)

ಮನೆಗೆ ಬಂದ ಮೇಲೆ ಮಾತು ಮುಂದುವರಿಯಿತು.

"ನೀನು ಕಲ್ತು ಪೂರೈಸ್ತ? ತೊಂಬತ್ನಾಲ್ಕರಲ್ಲಿ ಎಂತಾತು ಹೇಳಿ ನೆನಪಿದ್ದ?"

"ಎಂಗೆ ನೆನಪಿದ್ದು. ಕ್ಲಚ್ ಬಿಡದು ಒಂದು ಸ್ವಲ್ಪ ಹೆಚ್ಚುಕಮ್ಮಿ ಆತು. ಅಷ್ಟಕ್ಕೆ ನಿಂಗೊ ಮೈದಾನದಲ್ಲಿ ಇದ್ದವ್ರೆಲ್ಲ ತಿರುಗಿ ನೋಡ ಹಂಗೆ ಕೂಗಿದ್ರಿ."

ಆಕೆ ಹೇಳಿದ್ದು ನಿಜ. ಆ ದಿನ ಕಾಲೇಜು ಮೈದಾನದಲ್ಲಿ ಜೀಪು ಕಪ್ಪೆಯಂತೆ ಮೂರು ಬಾರಿ ಜಿಗಿದು ಗೋಲ್‌ಪೋಸ್ಟಿನ ಎದುರು ನಿಂತಿತ್ತು. ನಾನು ಕೂಗಿದೆ. ವಿನೋದಾ ಕೆಳಗಿಳಿದು, ಸೆರಗು ಸರಿಪಡಿಸಿಕೊಂಡು ಮನೆಗೆ ನಡೆದುಹೋದಳು. ಅಂದಿನಿಂದ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಹೀಗೆ ಒಂದು ಪೆಡಲ್ಲಿನ ದಯೆಯಿಂದ ಹದಿನೈದು ವರ್ಷ ನಮ್ಮ ಮನೆಯ ಡ್ರೈವರ್ ಸೀಟು ನನಗೇ ಉಳಿದಿತ್ತು. ಅಡುಗೆಮನೆ ಅವಳದು, ದೇವರ ಕೋಣೆ ಅವಳದು, ಟೀವಿಯ ರಿಮೋಟು ಅವಳದು. ಪ್ರಪಂಚದಲ್ಲಿ ನಾನು ಹೇಳಿದಲ್ಲಿಗೆ ತಿರುಗುತ್ತಿದ್ದ ವಸ್ತುವೆಂದರೆ ಸ್ಟಿಯರಿಂಗ್ ಚಕ್ರವೊಂದೇ. ಅದನ್ನೂ ಬಿಟ್ಟುಕೊಟ್ಟರೆ ನಾನು ಮನೆಯಲ್ಲಿ ಎಲ್ಲಿ ಕೂರುವುದು? ಪ್ರಾಣ ಹೋದರೂ ಆ ಸೀಟು ಬಿಡಬಾರದೆಂದು ಡಾಕ್ಟರನ್ನು ಕಂಡುಬಂದ ದಿನವೇ ಭೀಷ್ಮಪ್ರತಿಜ್ಞೆ ಮಾಡಿದೆ.

ಪ್ರತಿಜ್ಞೆಗೆ ದಾರಿ ತೋರಿಸಿದವನು ಯಲ್ಲಾಪುರದ ರಸೂಲ್. ಹಳೇ ಗಾಡಿ ಕೊಂಡು ಮಾರುವ ರಸೂಲ್, ನನ್ನ ಜೀಪಿನ ಒಂದೊಂದು ಕೆಮ್ಮಿಗೂ ಮದ್ದು ಬಲ್ಲವನು. ಫೋನಿನಲ್ಲಿ ನನ್ನ ಸಂಕಟ ಕೇಳಿ, "ಫಿಕರ್ ಮಾಡಬೇಡಿ ಹೆಗಡೇರೆ, ಕ್ಲಚ್ಚೇ ಇಲ್ಲದ ಗಾಡಿ ತರ್ತೀನಿ" ಎಂದ. ಮಾರ್ಚ್ ತಿಂಗಳ ಒಂದು ಭಾನುವಾರ ತಂದೂಬಿಟ್ಟ. ಬೂದು ಬಣ್ಣದ, ಉದ್ದ ಮೂತಿಯ ಫಾರಿನ್ ಕಂಪನಿಯ ಕಾರು. ಗೋವಾದ ಹೋಟೆಲ್ ಮಾಲೀಕರೊಬ್ಬರು ಒಂದು ವರ್ಷ ಓಡಿಸಿ ಬೇಜಾರಾಗಿ ಬಿಟ್ಟದ್ದಂತೆ. ಬಗ್ಗಿ ನೋಡಿದೆ. ಕೆಳಗೆ ಎರಡೇ ಪೆಡಲ್. ಬಲಗಡೆ ಸಣ್ಣದು, ಎಡಗಡೆ ಎರಡು ಪಾದ ಹಿಡಿಸುವಷ್ಟು ಅಗಲದ್ದು.

"ಕ್ಲಚ್ ಇಲ್ಲ ಅಂದ್ರೆ ಇಲ್ಲ ಅಂತ ಅಲ್ಲ," ಎಂದು ರಸೂಲ್ ಶುರುಮಾಡಿದ. "ಒಳಗೆ ಒಂದಲ್ಲ, ಎರಡು ಕ್ಲಚ್ ಉಂಟು. ಒಂದು ಕ್ಲಚ್ ಒಂದು, ಮೂರು, ಐದನೇ ಗೇರು ನೋಡ್ಕೊಳ್ತದೆ. ಇನ್ನೊಂದು ಎರಡು, ನಾಲ್ಕು, ಆರು. ನಿಮ್ಮ ಮದುವೆ ಪಂಕ್ತೀಲಿ ಒಬ್ರು ಅನ್ನ ಬಡಿಸ್ತಾ ಇರುವಾಗ್ಲೇ ಇನ್ನೊಬ್ರು ಸಾರಿನ ಬಕೆಟ್ ಹಿಡ್ಕೊಂಡು ಹಿಂದೆ ನಿಂತಿರ್ತಾರಲ್ಲ? ಹಾಗೆ. ಒಂದು ಗೇರು ಕೆಲಸ ಮಾಡ್ತಾ ಇದ್ರೆ ಮುಂದಿನದ್ದು ರೆಡಿ ನಿಂತಿರ್ತದೆ. ನೀವು ಏನೂ ಮಾಡೋದು ಬೇಡ."

ನನಗೆ ವ್ಯವಸ್ಥೆ ತಕ್ಷಣ ಅರ್ಥವಾಯಿತು. ನಮ್ಮ ಸಂಸಾರ ನಡೆಯುವುದೂ ಹಾಗೆಯೇ. ನಾನು ಒಂದು ಮಾತು ಆಡುತ್ತಿರುವಾಗಲೇ ಅದಕ್ಕೆ ಉತ್ತರ ವಿನೋದಾಳಲ್ಲಿ ರೆಡಿ ನಿಂತಿರುತ್ತದೆ.

"ರಸೂಲ್ ಭಾಯಿ," ವಿನೋದಾ ಕೇಳಿದಳು, "ಹಾಗಾದ್ರೆ ಇದನ್ನ ಓಡಿಸೋರಿಗೆ ಎಡಗಾಲಿಗೆ ಕೆಲಸವೇ ಇಲ್ವಾ?"

"ಏನೂ ಇಲ್ಲ ಅಕ್ಕ. ಎಡಗಾಲು ಆರಾಮ್. ಬಲಗಾಲು ಒಂದೇ. ಒತ್ತಿದ್ರೆ ಹೋಗ್ತದೆ, ಬಿಟ್ಟು ಬ್ರೇಕ್ ಒತ್ತಿದ್ರೆ ನಿಲ್ತದೆ."

"ಏರಿನಲ್ಲಿ ಹಿಂದೆ ಜಾರೋದು?"

"ಜಾರೋದಿಲ್ಲ. ಆದ್ರೆ ಮೂರು ಮಾತು ನೆನಪಿಟ್ಕೊಳ್ಳಿ. ನಿಲ್ಲಿಸಿದ ಮೇಲೆ ಗೇರಿನ ಕೋಲು 'ಪಿ'ಗೆ ತರಬೇಕು. ಎಡಗಾಲು ಪೆಡಲ್ ಮೇಲೆ ಇಡಬಾರದು. ಇನ್ನು ಯಾವ ಕಾರಣಕ್ಕೂ ಈ ಗಾಡಿನ ತಳ್ಳಬಾರದು. ತಳ್ಳಿ ಸ್ಟಾರ್ಟ್ ಆಗೋ ಜಾತಿ ಅಲ್ಲ ಇದು."

ವಿನೋದಾ ತಲೆಯಾಡಿಸಿದಳು. ನಾನು ಆ ಹೊತ್ತಿಗೆ ಸೀಟು ಹಿಂದೆ ಮುಂದೆ ಮಾಡುವ ಗುಂಡಿಯಲ್ಲಿ ಮಗ್ನನಾಗಿದ್ದೆ. ಜೀಪನ್ನೂ ಅದರ ಮೇಲೆ ಪಿ.ಎಫ್. ಸಾಲದ ದುಡ್ಡನ್ನೂ ರಸೂಲನಿಗೆ ಕೊಟ್ಟು, ಕಾರನ್ನು ನಾನಿಟ್ಟುಕೊಂಡೆ. ಆಕೆ ಏಕೆ ಅಷ್ಟು ಕೇಳಿದಳೆಂದು ಆಗಲೇ ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮಾರನೆಯ ದಿನ ಸಂಜೆ ಪ್ರಥಮ ಪ್ರಯಾಣ. ಪಕ್ಕದ ಮನೆಯ ಸಾವಿತ್ರವ್ವನನ್ನೂ ಕರೆದೆವು. ಹಾನಗಲ್ ಕಡೆಯವರು, ಧಾರಾಳ ಮೈ, ಅದಕ್ಕಿಂತ ಧಾರಾಳ ಬಾಯಿ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹಸು ಅಡ್ಡ ಬಂತು. ಇಪ್ಪತ್ತೆರಡು ವರ್ಷದ ಅಭ್ಯಾಸಕ್ಕೆ ಡಾಕ್ಟರ ಮಾತು ತಿಳಿಯುತ್ತದೆಯೆ? ಎಡಗಾಲು ತನ್ನಷ್ಟಕ್ಕೆ ಎದ್ದು, ಕ್ಲಚ್ ಇರಬೇಕಾದ ಜಾಗದಲ್ಲಿ ಪೂರ್ಣ ಬಲದಿಂದ ಅಪ್ಪಳಿಸಿತು. ಅಲ್ಲಿ ಇದ್ದದ್ದು ಆ ಅಗಲದ ಬ್ರೇಕು. ಕಾರು ಇದ್ದಲ್ಲೇ ನೆಟ್ಟು ನಿಂತಿತು. ಸಾವಿತ್ರವ್ವ ಮಾತ್ರ ನಿಲ್ಲಲಿಲ್ಲ.

"ಅಯ್ಯ ಸರ್ರ," ಎರಡು ಸೀಟುಗಳ ನಡುವಿನಿಂದ ಧ್ವನಿ ಬಂತು, "ನಾ ಹಿಂದಿನ ಸೀಟಿನಾಗ ಕುಂತಿದ್ದೆನಲ್ರೀ? ಇಲ್ಲಿಗೆ ಯಾವಾಗ ಬಂದೆ?"

ಹಸು ನಮ್ಮನ್ನು ಕನಿಕರದಿಂದ ನೋಡಿ ಮುಂದೆ ಹೋಯಿತು. ಐದು ರಸ್ತೆ ಕೂಡುವಲ್ಲಿ ಇನ್ನೊಮ್ಮೆ ಹೀಗೇ ಆಯಿತು. ನಮ್ಮ ಓಣಿಯ ತಿರುವಿನಲ್ಲಿ ಮೂರನೆಯ ಬಾರಿ. ಮನೆ ತಲುಪುವಷ್ಟರಲ್ಲಿ ಸಾವಿತ್ರವ್ವ ಮುಂದಿನ ಸೀಟನ್ನು ಎರಡೂ ಕೈಯಿಂದ ತಬ್ಬಿಕೊಂಡು ಊರದೇವಿಗೆ ಉಡಿ ತುಂಬುವ ಹರಕೆ ಹೊತ್ತಿದ್ದರು.

ಸೋಲೊಪ್ಪುವವನು ನಾನಲ್ಲ. ಶತ್ರು ಯಾರೆಂದು ತಿಳಿದ ಮೇಲೆ ಅರ್ಧ ಯುದ್ಧ ಗೆದ್ದಂತೆ. ಶತ್ರು ನನ್ನದೇ ಎಡಗಾಲು. ಅದನ್ನು ಹೆದರಿಸಿದೆ, ಬೈದೆ, ಮಡಿಚಿ ಕೂತೆ. ಕೊನೆಗೆ ಮೈ ಒರೆಸುವ ಒಂದು ಪಾಣಿಪಂಚೆಯಿಂದ ಪಾದವನ್ನು ಸೀಟಿನ ಕೆಳಗಿನ ಕಂಬಿಗೆ ಕಟ್ಟಿಹಾಕಿದೆ. ಉಪಾಯ ಫಲಿಸಿತು. ಕಾರು ಎಣ್ಣೆ ಸುರಿದಂತೆ ಓಡತೊಡಗಿತು.

"ಕಾಲು ಕಟ್ಟಿಕ್ಯಂಡು ಗಾಡಿ ಹೊಡೆಯವು ಹೇಳಿ ಯಾರಾದ್ರೂ ಹೇಳಿದ್ವ?" ವಿನೋದಾ ಕೇಳಿದಳು. "ಆನು ಒಂದ್ಸಲ ಪ್ರಯತ್ನ ಮಾಡ್ತೆ, ಬಿಡಿ."

"ಇದು ಕಂಪ್ಯೂಟರ್ ಇದ್ದ ಗಾಡಿ. ನಿಂಗೆ ತಿಳಿತಿಲ್ಲೆ. ಸುಮ್ನೆ ಕೂತ್ಗ."

ವಿನೋದಾ ಸುಮ್ಮನೆ ಕುಳಿತಳು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಸುಮ್ಮನೆ ಕುಳಿತಾಗಲೆಲ್ಲ ನಾನು ಹೆದರಬೇಕಿತ್ತು.

ಮೇ ತಿಂಗಳಲ್ಲಿ ಸಿದ್ದಾಪುರದಲ್ಲಿ ಮದುವೆ ಬಂತು. ವಿನೋದಾಳ ದೊಡ್ಡಪ್ಪನ ಮಗ ಅನಂತಮೂರ್ತಿಯ ಮಗಳದು. ಹೆಂಡತಿಯ ಕಡೆಯವರು ನೂರಾರು ಮಂದಿ ಒಟ್ಟಿಗೆ ಸಿಗುವ ಅವಕಾಶ. ಅವರಿಗೆಲ್ಲ "ಭಾವನ ಕಾಲು ಹೋತಡ, ಗಾಡಿ ಬಿಟ್ನಡ" ಎಂಬ ಸುದ್ದಿ ಮುಟ್ಟಿತ್ತು. ಅದನ್ನು ಸುಳ್ಳು ಮಾಡಲೇಬೇಕಿತ್ತು. ಸಾವಿತ್ರವ್ವನನ್ನೂ ಕೂರಿಸಿಕೊಂಡು (ಅವರಿಗೆ ಸಿದ್ದಾಪುರದಲ್ಲಿ ತಂಗಿ ಇದ್ದಾಳೆ, ಮಡಿಲಲ್ಲಿ ತಂಗಿಗೆಂದು ತುಪ್ಪದ ಪಾತ್ರೆ) ಒಂದು ಹನಿ ತುಪ್ಪ ಚೆಲ್ಲದಂತೆ ಮದುವೆಮನೆ ಮುಟ್ಟಿಸಿದೆ. ಚಪ್ಪರದ ಎದುರಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ. ಘಟ್ಟದವರು ಯಾರೂ ಸಮತಟ್ಟಿನಲ್ಲಿ ಗಾಡಿ ನಿಲ್ಲಿಸುವುದಿಲ್ಲ. ಬ್ಯಾಟರಿ ಕೈಬಿಟ್ಟರೂ ಇಳಿಜಾರು ಕೈಬಿಡುವುದಿಲ್ಲ, ನಾಲ್ಕು ಜನ ತಳ್ಳಿದರೆ ಗಾಡಿ ಹೊರಟಿತು. ನಮ್ಮ ಅಪ್ಪ ಮಾಡಿದ್ದೂ ಹಾಗೆ, ನಾನು ಮಾಡಿದ್ದೂ ಹಾಗೆ.

ಎಲ್ಲರೂ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು ಠೀವಿಯಿಂದ ಬಾಗಿಲು ತೆರೆದು ಇಳಿದೆ. ಮೈ ಇಳಿಯಿತು. ಪಾಣಿಪಂಚೆ ಕಟ್ಟಿದ್ದ ಎಡಗಾಲು ಇಳಿಯಲಿಲ್ಲ. ಚಪ್ಪರದ ಬಾಯಲ್ಲಿ ನಿಂತಿದ್ದ ವಿನೋದಾಳ ದೊಡ್ಡಮ್ಮನ ಪಾದದ ಮೇಲೆ ಎರಡೂ ಕೈ ಚಾಚಿ ಬಿದ್ದೆ.

"ಸಾಕು ಸಾಕು, ಏಳು ತಮ್ಮಾ," ಎಂದು ಆಕೆ ತಲೆ ಸವರಿದಳು. "ಈ ಕಾಲದಲ್ಲೂ ಹಿರಿಯರ ಮೇಲೆ ಎಷ್ಟು ಭಕ್ತಿ ನೋಡು!"

ಮದುವೆಗಿಂತ ಕಾರೇ ಕಳೆಗಟ್ಟಿತೆಂದರೆ ಅದು ಆತ್ಮಪ್ರಶಂಸೆಯಲ್ಲ. ಮಂಟಪದಲ್ಲಿ ಧಾರೆ ನಡೆಯುತ್ತಿದ್ದರೂ ಗಂಡಸರು ಕಾರಿನ ಸುತ್ತ ಇದ್ದರು. ನಾಲ್ಕೂ ಬಾಗಿಲು ತೆರೆದಿಟ್ಟು, ಹಾಡು ಹಚ್ಚಿ, ಫ್ಯಾನಿನ ಗಾಳಿ ಬಿಟ್ಟು, ಮಕ್ಕಳಿಗಾಗಿ ಮುಂದಿನ ದೀಪವನ್ನೂ ಹೊತ್ತಿಸಿ ತೋರಿಸಿದೆ. ಎರಡು ಕ್ಲಚ್ಚಿನ ತತ್ತ್ವವನ್ನು ಅನ್ನ-ಸಾರಿನ ಉದಾಹರಣೆ ಸಹಿತ ಏಳು ಬಾರಿ ವಿವರಿಸಿದೆ. ಎಂಜಿನ್ ಮಾತ್ರ ಸುಮ್ಮನಿತ್ತು. ಸುಮ್ಮನೆ ಎಣ್ಣೆ ಸುಡುವ ದುಂದುಗಾರ ನಾನಲ್ಲ.

ಊಟ ಮುಗಿಸಿ, ಎಲೆಯಡಿಕೆಯ ಕವಳ ಹಾಕಿ, ಹೊರಡಲೆಂದು ಕೀಲಿ ತಿರುಗಿಸಿದರೆ ಕಾರು 'ಟಿಕ್' ಎಂದಿತು. ಮತ್ತೆ ತಿರುಗಿಸಿದರೆ ಅದೂ ಇಲ್ಲ.

"ಬ್ಯಾಟರಿ ಡೌನ್!" ಎಂದ ಅನಂತಮೂರ್ತಿ. ಆತನ ಕಣ್ಣಿನಲ್ಲಿ ಬೆಳಕು ಮೂಡಿತು. "ಬನ್ರಾ ಎಲ್ಲಾ, ಭಾವನ ಕಾರು ತಳ್ಳನ!"

ನಮ್ಮ ಕಡೆ ಗಾಡಿ ತಳ್ಳಲು ಕರೆದರೆ ಬಾರದ ಗಂಡಸಿಲ್ಲ. ಹೋಳಿಗೆ ತಿಂದ ಹನ್ನೆರಡು ಮಂದಿ ಮಡಿಪಂಚೆ ಎತ್ತಿ ಕಟ್ಟಿ ಹಿಂದೆ ಸೇರಿದರು.

"ತಳ್ಳಲಾಗ ಹೇಳಿ ರಸೂಲ್ ಭಾಯಿ ಹೇಳಿದ್ದ," ವಿನೋದಾ ಎಂದಳು.

"ನೀನು ಸುಮ್ನಿರೆ," ಎಂದೆವು ನಾವು ಹದಿಮೂರು ಜನ.

"ಭಾವ, ಎರಡನೇ ಗೇರಿಗೆ ಹಾಕು!"

"ಎರಡನೇ ಗೇರು ಎಲ್ಲಿದ್ದು ಮಾರಾಯಾ? ಇಲ್ಲಿ ಪಿ, ಆರ್, ಎನ್, ಡಿ ಹೇಳಿ ಬರದ್ದು!"

"ಹಂಗಾರೆ ಎರಡನೇ ಅಕ್ಷರಕ್ಕೆ ಹಾಕು!"

ಎರಡನೆಯ ಅಕ್ಷರ ರಿವರ್ಸ್. ಪುಣ್ಯಕ್ಕೆ ಗೇರಿನ ಕೋಲು 'ಪಿ' ಬಿಟ್ಟು ಅಲುಗಲೇ ಇಲ್ಲ. ಬ್ಯಾಟರಿ ಸತ್ತರೆ ಅದು ಅಲ್ಲೇ ಬೀಗ ಹಾಕಿಕೊಳ್ಳುತ್ತದಂತೆ. ನನಗೆ ಆಮೇಲೆ ತಿಳಿಯಿತು. ಹನ್ನೆರಡು ಜನ "ಹರ ಹರ" ಎಂದು ತಳ್ಳಿದರು. ಕಾರು ಕೂದಲೆಳೆಯಷ್ಟೂ ಸರಿಯಲಿಲ್ಲ.

"ಬ್ರೇಕ್ ಬಿಡು ಭಾವ!"

"ಬಿಟ್ಟಿದ್ದೆ!"

"ಇನ್ನೊಂದ್ ಕಾಲು ಎಲ್ಲಿದ್ದು?"

"ಕಟ್ಟಿಟ್ಟಿದ್ದೆ!"

ಈ ಉತ್ತರ ಕೇಳಿ ಹಿಂದಿನಿಂದ ತಳ್ಳುವ ಬಲ ಅರ್ಧಕ್ಕಿಳಿಯಿತು. ಅದನ್ನು ತುಂಬಿಸಲು ನಾನೇ ಕಾಲು ಬಿಚ್ಚಿಕೊಂಡು ಇಳಿದು, ಹೆಗಲು ಕೊಟ್ಟು ತಳ್ಳಿದೆ. ಹೆಂಡತಿಯ ಕಡೆಯವರ ಮುಂದೆ ಕೈಕಟ್ಟಿ ನಿಲ್ಲುವುದು ಹೇಗೆ? ಮೂರನೆಯ "ಹರ ಹರ"ಕ್ಕೆ ನನ್ನ ಎಡ ಮೊಣಗಂಟಿನಲ್ಲಿ ಏನೋ ಚಳಕ್ ಎಂದಿತು. ನಾನು ರಸ್ತೆಯಲ್ಲೇ ಕುಳಿತೆ.

ಅಷ್ಟರಲ್ಲಿ ವಿನೋದಾ ಎಲ್ಲಿಗೋ ಹೋಗಿದ್ದವಳು, ಪಾತ್ರೆ ಸಾಗಿಸುವ ಟೆಂಪೋವನ್ನು ಡ್ರೈವರ್ ಸಮೇತ ಕರೆತಂದಳು. ರಸೂಲನಿಗೆ ಫೋನ್ ಹಚ್ಚಿ, ಟೆಂಪೋದ ಬ್ಯಾಟರಿಯಿಂದ ಕಾರಿನ ಬ್ಯಾಟರಿಗೆ ಕೆಂಪು ವಯರು ಎಲ್ಲಿ, ಕಪ್ಪು ಎಲ್ಲಿ ಎಂದು ಕೇಳಿ ಕೇಳಿ ಕೊಡಿಸಿದಳು. ಕೀಲಿ ತಿರುಗಿಸಿದಳು. ಕಾರು ಗುರ್ರೆಂದು ಎದ್ದಿತು. ಹನ್ನೆರಡು ಜನ ಪಂಚೆ ಇಳಿಸಿಕೊಂಡು, ಕಾರು ತಮ್ಮಿಂದಲೇ ಶುರುವಾಯಿತೆಂಬ ಮುಖ ಮಾಡಿದರು.

ಈಗ ಓಡಿಸುವವರು ಯಾರು? ನನ್ನ ಕಾಲು ಊದಿ ಕುಂಬಳವಾಗಿತ್ತು. ಕಟ್ಟಲೂ ಬಾರದು, ಬಿಡಲೂ ಬಾರದು. ಅನಂತಮೂರ್ತಿಯೂ ಹಿಂದೆ ಸರಿದ. "ಕ್ಲಚ್ ಇಲ್ದೇ ಇದ್ದ ಗಾಡಿ ಎಂಗೆ ಗೊತ್ತಿಲ್ಲೆ ಭಾವ."

ವಿನೋದಾ ಪರ್ಸಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ನನ್ನ ಮಡಿಲಿಗೆ ಹಾಕಿದಳು. ಕಲಿಕೆಯ ಲೈಸೆನ್ಸು. ಅವಳದೇ ಫೋಟೋ. ಕೆಂಪು 'ಎಲ್' ಅಕ್ಷರ ಬರೆದ ಇನ್ನೆರಡು ಕಾಗದಗಳನ್ನು ಅನಂತಮೂರ್ತಿಯ ಕೈಗೆ ಕೊಟ್ಟು, "ಅಣ್ಣಯ್ಯ, ಇದನ್ನ ಹಿಂದೆ ಮುಂದೆ ಹಚ್ಚು" ಎಂದಳು.

"ಇದು ಯಾವಾಗ ಮಾಡ್ಸಿದ್ದು?"

"ಡಾಕ್ಟ್ರು ಆರು ತಿಂಗಳು ಹೇಳಿದ ಮರುವಾರ. ಈ ಕಾರು ಬಂದ ಮೇಲೆ, ಭಾನುವಾರ ಮಧ್ಯಾಹ್ನ ನಿಂಗೊ ಮನಗಿದಾಗೆಲ್ಲ ಕಾಲೇಜು ಮೈದಾನದಲ್ಲಿ ರೂಢಿ ಮಾಡ್ಕಂಜಿ. ಲೈಸೆನ್ಸ್ ಇದ್ದವ್ವು ಪಕ್ಕಕ್ಕೆ ಇರವಡ. ನಿಂಗಳತ್ರ ಇದ್ದಲಿ? ಹತ್ತಿ."

ತಂಗಿಯ ಮನೆಗೆ ಹೋಗಿಬಂದ ಸಾವಿತ್ರವ್ವ ಆಗಲೇ ಹಿಂದಿನ ಸೀಟಿನಲ್ಲಿದ್ದರು. ತಿರುಗಿ ನೋಡಿದೆ. "ಸಾವಿತ್ರವ್ವ, ನಿಮಗೂ ಗೊತ್ತಿತ್ತಾ?"

"ಗೊತ್ತಿರಲಾರದ ಏನ್ರೀ? ಮೈದಾನದಾಗ ಹಿಂದಿನ ಸೀಟಿನಾಗ ನಾನ ಕುಂತಿರ್ತಿದ್ದೆ. ಅಕ್ಕಾರು ಹೊಡದ್ರ ನಿದ್ದಿ ಬರತೈತ್ರಿ. ನೀವು ಹೊಡದ್ರ ದೇವರು ನೆನಪಾಗ್ತಾನ."

ಸಿದ್ದಾಪುರದಿಂದ ಶಿರಸಿಗೆ ಬರುವ ರಸ್ತೆಯಲ್ಲಿ ಏರು ಎಷ್ಟು, ತಿರುವು ಎಷ್ಟು ಎಂದು ನನ್ನ ಎಡಗಾಲಿಗೆ ಬಾಯಿಪಾಠ. ಒಂದು ಏರಿನ ನಡುಮಧ್ಯೆ ನಮ್ಮ ಮುಂದೆ ಹೋಗುತ್ತಿದ್ದ ಬಸ್ಸು ನಿಂತುಬಿಟ್ಟಿತು. ಹಿಂದೆ ಲಾರಿ. ಸರಿ, ಈಗ ಜಾರುತ್ತದೆ, ಆಗ ತಿಳಿಯುತ್ತದೆ ಎಂದು ಕಾದೆ. (ನನ್ನದೇ ಕಾರು, ನಾನೇ ಒಳಗಿದ್ದೇನೆ. ಆದರೂ ಜಾರಲಿ ಎಂದು ಕಾದೆ. ಮನುಷ್ಯನ ಮನಸ್ಸು ಎಂಥದ್ದು ನೋಡಿ.) ಬಸ್ಸು ಹೊರಟಿತು. ವಿನೋದಾ ಬಲಗಾಲನ್ನು ಈ ಪೆಡಲ್ಲಿನಿಂದ ಆ ಪೆಡಲ್ಲಿಗೆ ಇಟ್ಟಳು. ಕಾರು ಒಂದು ನೂಲೂ ಹಿಂದೆ ಬಾರದೆ ಏರು ಹತ್ತಿತು. ಹಿಂದೆ ಸಾವಿತ್ರವ್ವ ಗೊರಕೆ ಹೊಡೆಯುತ್ತಿದ್ದರು.

ನನಗೆ ಹೊಟ್ಟೆಕಿಚ್ಚಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಆಕೆಯ ಕಾಲಿಗೆ ಮರೆಯಬೇಕಾದ ಕ್ಲಚ್ಚೇ ಇರಲಿಲ್ಲ. ನನಗೆ ಅದನ್ನು ಮರೆಯಲು ಇನ್ನೊಂದು ಜನ್ಮ ಬೇಕು. ಹದಿನೈದು ವರ್ಷ ಅವಳನ್ನು ಆ ಸೀಟಿನಿಂದ ದೂರ ಇಟ್ಟಿದ್ದದ್ದು ಒಂದೇ ಒಂದು ಪೆಡಲ್. ಅದನ್ನು ಕಿತ್ತುಹಾಕಿಸಿದವನು ನಾನೇ. ಅದಕ್ಕಾಗಿ ಯಲ್ಲಾಪುರದಿಂದ ಜನ ಕರೆಸಿದವನೂ ನಾನೇ.

ಆದರೂ ಪ್ರತಿಜ್ಞೆ ಬಿಡಲಿಲ್ಲ. ಡಾಕ್ಟರು ಹೊಸದಾಗಿ ಲೆಕ್ಕ ಹಾಕಿ ಹೇಳಿದಷ್ಟು ದಿನ ಮೊಣಗಂಟಿಗೆ ಎಣ್ಣೆ ತಿಕ್ಕಿದೆ, ಗೋಡೆ ಹಿಡಿದು ಬಸ್ಕಿ ಹೊಡೆದೆ, ಮೆಂತೆ ನುಂಗಿದೆ. ಕಾಲು ಸರಿಯಾದ ಮರುಕ್ಷಣ ನನ್ನ ಸೀಟು ನನಗೆ. ಈ ನಡುವೆ ವಿನೋದಾ ಪಕ್ಕಾ ಲೈಸೆನ್ಸು ಪಡೆದಳು. ಓಣಿಯ ಹೆಂಗಸರನ್ನು ತುಂಬಿಕೊಂಡು ಬನವಾಸಿಗೆ, ಸೋಂದೆಗೆ ಹೋಗಿಬಂದಳು. ನಾನು ತಾಳಿದೆ.

ನವೆಂಬರಿನಲ್ಲಿ ಆ ದಿನ ಬಂತು. ಡಾಕ್ಟರು ಕಾಲನ್ನು ಮಡಿಚಿದರು, ಬಿಡಿಸಿದರು. ನಾನು ಕೂಗಲಿಲ್ಲ. "ಹೆಗಡೇರೆ, ಮೊಣಗಂಟು ಪೂರ್ತಿ ಗುಣ ಆಗಿದೆ," ಎಂದರು. "ಇನ್ನು ಏನು ಬೇಕಾದ್ರೂ ಮಾಡಿ. ಏರು ಹತ್ತಿ, ಇಳೀರಿ."

ದವಾಖಾನೆಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ. ಕೆಳಗೆ ಕಾರು ಹೊರಟು ನಿಂತಿತ್ತು. ಸ್ಟಿಯರಿಂಗಿನ ಹಿಂದೆ ವಿನೋದಾ. ಪಕ್ಕದಲ್ಲಿ ಸಾವಿತ್ರವ್ವ. ಹಿಂದೆ ಓಣಿಯ ಇನ್ನೂ ಮೂವರು ಹೆಂಗಸರು.

"ಡಾಕ್ಟ್ರು ಎಂತ ಹೇಳಿದ?"

"ಪೂರ್ತಿ ಗುಣ ಆಜು!" ಎಂದೆ ಎದೆಯುಬ್ಬಿಸಿ. "ಇಳಿ. ಇನ್ನು ಆನೇ ಹೊಡೀತೆ."

"ಖರೇ ಹೇಳಿ. ಒಂಚೂರೂ ನೋವಿಲ್ಯ?"

"ಇಲ್ಲೆ."

"ಏರು ಹತ್ತಲಕ್ಕಡ?"

"ಎಷ್ಟು ಬೇಕಾದ್ರೂ ಹತ್ತಲಕ್ಕಡ!"

ವಿನೋದಾಳ ಮುಖದಲ್ಲಿ ನಿಜವಾದ ಸಂತೋಷ ಕಂಡಿತು. ಈ ಹೆಣ್ಣು ನನ್ನ ಮೊಣಗಂಟಿಗಾಗಿ ಎಷ್ಟು ಚಿಂತೆ ಮಾಡಿತ್ತೋ ಎಂದು ನನ್ನ ಕಣ್ಣೂ ಒದ್ದೆಯಾಯಿತು.

"ದೇವ್ರು ದೊಡ್ಡಂವ," ಎಂದಳು. "ಐದು ಜನ ಆಗೋಜು, ನಿಂಗಳ ಎಲ್ಲಿ ಕೂರ್ಸದು ಹೇಳಿ ಎಂಗೆ ಅದೇ ಮಂಡೆಬಿಸಿ ಆಗಿತ್ತು. ಎಂಗೊ ಯಾಣಕ್ಕೆ ಹೋಗಿ ಬತ್ಯ. ನಿಂಗೊ ನಡ್ಕಂಡು ಮನಿಗೆ ಹೋಗಿ. ಅಕ್ಕಿ ತೊಳೆದಿಟ್ಟಿದ್ದೆ, ಕುಕ್ಕರ್ ಇಟ್ಬಿಡಿ."